ಗಾಡಿಯ ಬ್ಯಾಟರಿಗೆ ತಕ್ಕ ಚಾರ್ಜರು



ಅತ್ತಿಬೆಲೆ ಹೋಬಳಿಯ ಒಂದು ಹಳ್ಳಿ. ಬೆಳಗಿನ ಜಾವ ಎರಡೂವರೆ ಗಂಟೆ. ಸಂಜೆ ಕೊಯ್ದ ಹೂವನ್ನು ಮೂಟೆ ಕಟ್ಟಿ ಟೆಂಪೋಗೆ ಏರಿಸಿ ಆಗಿದೆ. ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಹೊತ್ತು ಮೂಡುವ ಮೊದಲು ಮುಟ್ಟಿದರೆ ಒಂದು ದರ, ಬಿಸಿಲೇರಿದ ಮೇಲೆ ಮುಟ್ಟಿದರೆ ಇನ್ನೊಂದು ದರ. ಯಜಮಾನರು ದೇವರನ್ನು ನೆನೆದು ಕೀಲಿ ತಿರುಗಿಸುತ್ತಾರೆ. ಎಂಜಿನ್ನು ‘ಕಟ್ ಕಟ್’ ಅನ್ನುತ್ತದೆ, ಅಷ್ಟೆ. ಮುಂದಿನ ದೀಪ ಮಂಕಾಗುತ್ತದೆ. ಅಕ್ಕಪಕ್ಕದ ಹುಡುಗರನ್ನು ಎಬ್ಬಿಸಿ ತಳ್ಳಿಸಬೇಕು. ತಳ್ಳಿದರೂ ಹೊರಟರೆ ಪುಣ್ಯ.

ಹೂವಾದರೆ ಒಂದು ದಿನದ ನಷ್ಟ. ನಡುರಾತ್ರಿ ಹೆರಿಗೆ ನೋವು ಎದ್ದ ಸೊಸೆಯನ್ನು ಕೂರಿಸಿಕೊಂಡು ಆನೇಕಲ್ಲಿಗೋ ಹೊಸೂರಿಗೋ ಹೊರಡಬೇಕಾದ ಕಾರು ಹೀಗೆ ಕೈಕೊಟ್ಟರೆ ಏನು ಗತಿ? 108ಕ್ಕೆ ಫೋನು ಮಾಡಿ ಕಾಯಬೇಕು. ಕಾಯುವ ಆ ಒಂದೊಂದು ನಿಮಿಷ ಎಷ್ಟು ಉದ್ದ ಅನ್ನುವುದು ಕಾದವರಿಗೇ ಗೊತ್ತು.

ಈಗ ನಮ್ಮ ಹಳ್ಳಿಗಳಲ್ಲಿ ಎತ್ತಿನ ಗಾಡಿಗಿಂತ ಕಾರು, ಟ್ರಾಕ್ಟರು, ಟೆಂಪೋಗಳೇ ಹೆಚ್ಚು. ಎತ್ತಿಗೆ ಹುಲ್ಲು ಹಾಕುವುದನ್ನು ನಾವು ಯಾರೂ ಮರೆಯುವುದಿಲ್ಲ. ಹಸಿದರೆ ಅದೇ ಕೂಗಿ ನೆನಪಿಸುತ್ತದೆ. ಬ್ಯಾಟರಿ ಹಾಗಲ್ಲ, ಹಸಿವಾದರೂ ಬಾಯಿ ಬಿಡುವುದಿಲ್ಲ. ಅದಕ್ಕೆ ಮನೆಯಲ್ಲೇ ಮೇವು ಹಾಕುವ ಸಾಧನ ಚಾರ್ಜರು. ಅಂಗಡಿಗೆ ಹೋದರೆ ಹತ್ತು ತರಹದ ಚಾರ್ಜರು ತೋರಿಸುತ್ತಾರೆ. ನಿಮ್ಮ ಗಾಡಿಗೆ ಯಾವುದು ತಕ್ಕದ್ದು ಎಂಬುದೇ ಈ ದಿನದ ಮಾತು.

ಮೊದಲು ಬ್ಯಾಟರಿಯ ಒಳಗೆ ಏನಿದೆ ನೋಡೋಣ. ಸೀಸದ ತಗಡುಗಳು, ಅವುಗಳ ನಡುವೆ ನೀರು ಬೆರೆಸಿದ ಗಂಧಕಾಮ್ಲ. ಇಷ್ಟೇ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ ಇದನ್ನು ಮಾಡಿ ತೋರಿಸಿದ. ಅಂದಿನಿಂದ ಮೂಲಸೂತ್ರ ಬದಲಾಗಿಲ್ಲ. ಕಾರಿನ ಬ್ಯಾಟರಿಯಲ್ಲಿ ಇಂಥ ಆರು ಕೋಣೆಗಳು ಸಾಲಾಗಿ ಇರುತ್ತವೆ. ಒಂದೊಂದು ಕೋಣೆಗೆ ಎರಡು ವೋಲ್ಟಿಗೆ ತುಸು ಹೆಚ್ಚು. ಆರೂ ಸೇರಿ ತುಂಬಿದ ಬ್ಯಾಟರಿ 12.6 ವೋಲ್ಟು ತೋರಿಸುತ್ತದೆ. 12.2ಕ್ಕೆ ಇಳಿದರೆ ಅರ್ಧ ಖಾಲಿ ಎಂದು ತಿಳಿಯಿರಿ. 12ಕ್ಕೆ ಬಂದರೆ ಮುಕ್ಕಾಲು ಖಾಲಿ. ನೋಡಿ, ಕಣಜ ತುಂಬಿರುವುದಕ್ಕೂ ಬರಿದಾಗುವುದಕ್ಕೂ ಮುಕ್ಕಾಲು ವೋಲ್ಟಿನಷ್ಟೂ ಅಂತರವಿಲ್ಲ! ಆದ್ದರಿಂದ ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ. ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರು ಒಂದು ಮನೆಯಲ್ಲಿರಲಿ. ಗಾಡಿ ನಿಲ್ಲಿಸಿ ಒಂದು ರಾತ್ರಿ ಕಳೆದ ಮೇಲೆ ಅಳೆಯಿರಿ. ಓಡಿಸಿ ಬಂದ ಕೂಡಲೇ ಅಳೆದರೆ ಲೆಕ್ಕ ತಪ್ಪುತ್ತದೆ, ಹಾಲು ಕರೆದ ಕೂಡಲೇ ನೊರೆ ಸಮೇತ ಅಳೆದ ಹಾಗೆ.

‘ಗಾಡಿ ಸುಮ್ಮನೆ ನಿಂತಿತ್ತು, ಖರ್ಚೇ ಆಗಿಲ್ಲ, ಬ್ಯಾಟರಿ ಹೇಗೆ ಖಾಲಿಯಾಯ್ತು?’ ಎಂದು ಬಹಳ ಜನ ಕೇಳುತ್ತಾರೆ. ನಿಂತ ಗಾಡಿಯೂ ತಿನ್ನುತ್ತದೆ, ಸ್ವಾಮಿ. ಗಡಿಯಾರ, ಕಳ್ಳರ ಗಂಟೆ, ಎಂಜಿನ್ನಿನ ಗಣಕ, ಟೆಂಪೋಗಳಿಗೆ ಹಾಕಿಸಿದ ಜಿ.ಪಿ.ಎಸ್. ಪೆಟ್ಟಿಗೆ, ಇವೆಲ್ಲ ಹಗಲೂ ರಾತ್ರಿ ತೊಟ್ಟು ತೊಟ್ಟು ಹೀರುತ್ತಲೇ ಇರುತ್ತವೆ. ಇವು ಆಂಪಿಯರಿನ ಇಪ್ಪತ್ತನೇ ಒಂದು ಪಾಲು ಹೀರಿದರೂ ದಿನಕ್ಕೆ 1.2 ಆಂಪಿಯರ್-ಗಂಟೆ ಹೋಯಿತು. ತಿಂಗಳಿಗೆ 36. ಸಣ್ಣ ಕಾರಿನ ಬ್ಯಾಟರಿಯೇ 35 ಆಂಪಿಯರ್-ಗಂಟೆ! 2020ರ ಮಾರ್ಚಿ 25ರಿಂದ ದೇಶಕ್ಕೆಲ್ಲ ಬೀಗ ಬಿದ್ದಾಗ ಅಂಗಳದಲ್ಲಿ ನಿಂತ ಎಷ್ಟೋ ಕಾರುಗಳು ಮತ್ತೆ ಕೀಲಿ ತಿರುಗಿಸಿದಾಗ ಏಳದೇ ಹೋದದ್ದು ಇದೇ ಕಾರಣಕ್ಕೆ.

ಖಾಲಿಯಾದದ್ದಕ್ಕಿಂತ ಖಾಲಿಯಾಗಿಯೇ ಬಿಟ್ಟದ್ದು ಹೆಚ್ಚಿನ ಕೇಡು. ಹಾಗೆ ಬಿಟ್ಟರೆ ತಗಡಿನ ಮೇಲೆ ಸೀಸದ ಸಲ್ಫೇಟು ಬಿಳಿ ಹರಳಾಗಿ ಗಟ್ಟಿ ಕೂತುಬಿಡುತ್ತದೆ. ನಮ್ಮ ಕಡೆಯ ಕೊಳವೆ ಬಾವಿಯ ನೀರು ಹಂಡೆಯಲ್ಲಿ ಹಿಟ್ಟಿನಂತೆ ಕಟ್ಟುವುದಿಲ್ಲವೇ, ಆ ರೀತಿ. ಆಮೇಲೆ ಎಷ್ಟು ಚಾರ್ಜು ಹಾಕಿದರೂ ಪೂರ್ತಿ ಹಿಡಿಯುವುದಿಲ್ಲ. ನಾಲ್ಕೈದು ವರ್ಷ ಬರಬೇಕಾದದ್ದು ಎರಡೇ ವರ್ಷಕ್ಕೆ ಗುಜರಿ ಸೇರುತ್ತದೆ.

ಹಾಗಾದರೆ ಎಲ್ಲರೂ ಚಾರ್ಜರು ಕೊಳ್ಳಬೇಕೇ? ಬೇಕಿಲ್ಲ. ದಿನವೂ ಹೆದ್ದಾರಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬರುವ ಕಾರಿಗೆ ಚಾರ್ಜರು ಬೇಡ. ಎಂಜಿನ್ನಿಗೆ ಕಟ್ಟಿದ ಆಲ್ಟರ್ನೇಟರು, ನಮ್ಮ ಮೆಕ್ಯಾನಿಕ್ಕುಗಳ ಬಾಯಲ್ಲಿ ‘ಡೈನಮೋ’, ಓಡುತ್ತಾ ಓಡುತ್ತಾ ಬ್ಯಾಟರಿಯನ್ನು ತುಂಬುತ್ತದೆ. ಬೇಕಾಗುವುದು ಮೂರು ತರಹದವರಿಗೆ: ಉಳುಮೆ ಕಾಲ ಮುಗಿದ ಮೇಲೆ ಟ್ರಾಕ್ಟರನ್ನು ಕೊಟ್ಟಿಗೆಯಲ್ಲಿ ನಿಲ್ಲಿಸುವವರಿಗೆ, ಮದುವೆ ಮುಂಜಿಗೆ ಮಾತ್ರ ಕಾರು ತೆಗೆಯುವವರಿಗೆ, ತೋಟದಿಂದ ಮನೆಗೆ ಒಂದೆರಡು ಮೈಲಿ ಓಡಿಸಿ ನಿಲ್ಲಿಸುವವರಿಗೆ. ಒಂದು ಸಲ ಎಂಜಿನ್ನು ಎಬ್ಬಿಸಲು ತೆಗೆದ ಸಾಲ ಅಷ್ಟು ಸಣ್ಣ ಓಟದಲ್ಲಿ ತೀರುವುದಿಲ್ಲ.

ಕೊಳ್ಳುವ ಮೊದಲು ಇನ್ನೊಂದು ಪರೀಕ್ಷೆ ಇದೆ. ಎಂಜಿನ್ನು ಓಡುತ್ತಿರುವಾಗ ಬ್ಯಾಟರಿಯ ಎರಡು ಕೊನೆಗೆ ಮೀಟರು ಹಿಡಿಯಿರಿ. ಸಾಮಾನ್ಯವಾಗಿ 13.8ರಿಂದ 14.5 ವೋಲ್ಟಿನವರೆಗೆ ಬರಬೇಕು. ಹನ್ನೆರಡರಲ್ಲೇ ನಿಂತಿದ್ದರೆ ತಪ್ಪು ಡೈನಮೋದ್ದು ಅಥವಾ ಅದರ ಬೆಲ್ಟಿನದು. ಅಂಥಲ್ಲಿ ಚಾರ್ಜರು ತಂದು ದಿನಾ ಹಾಕುವುದು ತೂತು ಬಿದ್ದ ಕೊಡಕ್ಕೆ ನೀರು ಸೇದಿ ಹೊಯ್ದಂತೆ.

ಈಗ ಅಂಗಡಿಗೆ ಹೋಗೋಣ. ಹೊರಡುವ ಮುನ್ನ ಬ್ಯಾಟರಿಯ ಮೈಮೇಲಿನ ಚೀಟಿ ಓದಿ, ಮೂರು ಸಂಗತಿ ಬರೆದುಕೊಳ್ಳಿ. ಎಷ್ಟು ವೋಲ್ಟು, ಎಷ್ಟು ಆಂಪಿಯರ್-ಗಂಟೆ, ಯಾವ ಜಾತಿ. ಮಕ್ಕಳ ಕೈಲಿ ಫೋನಿನಲ್ಲಿ ಅದರ ಚಿತ್ರ ತೆಗೆಸಿಕೊಂಡರೂ ಆಯಿತು.

ವೋಲ್ಟು ಸುಲಭ. ಕಾರು, ಸಣ್ಣ ಟೆಂಪೋ, ಟ್ರಾಕ್ಟರು 12 ವೋಲ್ಟು. ದೊಡ್ಡ ಲಾರಿಗಳಲ್ಲಿ ಎರಡು ಬ್ಯಾಟರಿ ಸೇರಿಸಿ 24. ಕೆಲವು ಚಾರ್ಜರುಗಳಲ್ಲಿ ಎರಡಕ್ಕೂ ಒಂದೇ ಗುಂಡಿ ಇರುತ್ತದೆ, ಅತ್ತ ತಿರುಗಿಸಿದರೆ 12, ಇತ್ತ ತಿರುಗಿಸಿದರೆ 24. ಮನೆಯಲ್ಲಿ ಲಾರಿ ಇಲ್ಲದಿದ್ದರೆ ಅದನ್ನು ಕೊಳ್ಳಲೇಬೇಡಿ ಎಂಬುದು ನನ್ನ ಅಭಿಪ್ರಾಯ. ಮಗು ಕೈಯಾಡಿಸಿ ಗುಂಡಿ ಹೊರಳಿಸಿದರೆ ಕಾರಿನ ಬ್ಯಾಟರಿ ಕುದಿದುಹೋಗುತ್ತದೆ.

ಆಂಪಿಯರಿನ ಲೆಕ್ಕದಲ್ಲೇ ಹೆಚ್ಚು ಜನ ಎಡವುವುದು. ‘ದೊಡ್ಡದು ಕೊಡಪ್ಪಾ, ಬೇಗ ತುಂಬಲಿ’ ಅನ್ನುತ್ತಾರೆ. ಹದವಾದ ಲೆಕ್ಕ ಹತ್ತನೇ ಒಂದು ಪಾಲು. 35 ಆಂಪಿಯರ್-ಗಂಟೆಯ ಬ್ಯಾಟರಿಗೆ 3.5, ಅಂದರೆ 4 ಆಂಪಿಯರಿನ ಚಾರ್ಜರು. 65ರ ಬ್ಯಾಟರಿಗೆ 6ರಿಂದ 7. ಟ್ರಾಕ್ಟರಿನದು 88 ಆಗಿದ್ದರೆ 8ರಿಂದ 9. ಇದಕ್ಕಿಂತ ಚಿಕ್ಕದಾದರೆ ಕೇಡಿಲ್ಲ, ಹೊತ್ತು ಹೆಚ್ಚು ಹಿಡಿಯುತ್ತದೆ ಅಷ್ಟೇ. ತೀರ ದೊಡ್ಡದಾದರೆ ತಗಡು ಕಾಯುತ್ತದೆ, ಬಾಗುತ್ತದೆ, ನೀರು ಆವಿಯಾಗುತ್ತದೆ. ಒಣಗಿದ ಮಡಿಗೆ ಹನಿ ನೀರಾವರಿಯ ಕೊಳವೆ ಬಿಡುವುದಕ್ಕೂ ಕೆರೆಯ ತೂಬು ಎತ್ತುವುದಕ್ಕೂ ಇರುವ ವ್ಯತ್ಯಾಸ ನಿಮಗೆ ನಾನು ಹೇಳಬೇಕಾಗಿಲ್ಲ.

ಎಷ್ಟು ಹೊತ್ತು? ಟ್ರಾಕ್ಟರಿನ 88ರ ಬ್ಯಾಟರಿ ಅರ್ಧ ಖಾಲಿ ಅನ್ನಿ. ಬೇಕಾದ್ದು 44. 8 ಆಂಪಿಯರಿನಂತೆ ಐದೂವರೆ ಗಂಟೆ. ಕೊನೆಕೊನೆಗೆ ಬ್ಯಾಟರಿ ನಿಧಾನವಾಗಿ ಹೀರುವುದರಿಂದ ಏಳೆಂಟು ಗಂಟೆ ಇಟ್ಟುಕೊಳ್ಳಿ. ವಿದ್ಯುತ್ತಿನ ಖರ್ಚಿಗೆ ಹೆದರಬೇಡಿ, ಹೆಚ್ಚೂ ಕಡಿಮೆ ಒಂದು ಯೂನಿಟ್ಟು.

ಇನ್ನು ಚಾರ್ಜರಿನ ಬಗೆ. ಹಳೆಯ ಕಾಲದ್ದು ಒಂದು: ಭಾರವಾದ ತಗಡಿನ ಪೆಟ್ಟಿಗೆ, ಒಳಗೆ ಟ್ರಾನ್ಸ್‌ಫಾರ್ಮರು, ಮುಂದೆ ಒಂದು ಮುಳ್ಳು. ಅದು ಕೊಡುತ್ತಲೇ ಹೋಗುತ್ತದೆ. ‘ಸಾಕು’ ಎನ್ನುವುದು ಅದಕ್ಕೆ ಗೊತ್ತಿಲ್ಲ. ಎದುರಿಗೆ ಕೂತು ನೋಡಿಕೊಳ್ಳುವ ಕಸಬುದಾರನ ಕೈಲಿ ಅದು ಒಳ್ಳೆಯ ಸಾಧನವೇ. ನಮ್ಮ ನಿಮ್ಮಂಥವರ ಮನೆಯಲ್ಲಿ ಅಲ್ಲ. ನನ್ನದೇ ಕಥೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಅಗ್ಗಕ್ಕೆ ಸಿಕ್ಕಿತೆಂದು ಒಂದು ಹಳೇ ಪೆಟ್ಟಿಗೆ ತಂದು, ಟ್ರಾಕ್ಟರಿಗೆ ಸಿಕ್ಕಿಸಿ ಮಲಗಿದೆ. ಬೆಳಿಗ್ಗೆ ಎದ್ದರೆ ಕೊಟ್ಟಿಗೆ ತುಂಬ ಕೊಳೆತ ಮೊಟ್ಟೆಯ ವಾಸನೆ. ಬ್ಯಾಟರಿಯ ಹೊಟ್ಟೆ ಉಬ್ಬಿದೆ, ಮುಟ್ಟಿದರೆ ಕೆಂಡ. ಒಂದು ವರ್ಷವೂ ಆಗದ ಬ್ಯಾಟರಿ. ‘ಅಗ್ಗದ ಚಾರ್ಜರಿಗೆ ದುಬಾರಿ ಬ್ಯಾಟರಿ ಕಾಣಿಕೆ ಕೊಟ್ಟಿರಿ’ ಎಂದು ಮನೆಯಾಕೆ ಇವತ್ತಿಗೂ ಅನ್ನುತ್ತಾಳೆ. ಅನ್ನಲಿ, ತಪ್ಪು ನನ್ನದೇ. ಅಂಥ ವಾಸನೆ ಬಂದರೆ ಮೊದಲು ಗೋಡೆಯ ಸ್ವಿಚ್ಚು ಆರಿಸಿ, ಬಾಗಿಲು ಕಿಟಕಿ ತೆರೆದು ಹೊರಗೆ ಬನ್ನಿ. ಆ ಅನಿಲ ವಿಷ.

ಎರಡನೆಯದು ತಾನೇ ಹದ ನೋಡುವ ಚಾರ್ಜರು. ಅಂಗಡಿಯಲ್ಲಿ ‘ಆಟೋಮ್ಯಾಟಿಕ್’ ಅಥವಾ ‘ಸ್ಮಾರ್ಟ್’ ಎನ್ನುತ್ತಾರೆ. ತೊಟ್ಟಿ ತುಂಬಿಸುವ ಜಾಣ ಆಳು ಹೇಗೆ ಮಾಡುತ್ತಾನೆ? ಮೊದಲು ನಲ್ಲಿ ಪೂರ್ತಿ ಬಿಡುತ್ತಾನೆ. ಕಂಠಮಟ್ಟ ಬಂದಾಗ ಸಣ್ಣ ಮಾಡುತ್ತಾನೆ. ತುಂಬಿದ ಮೇಲೆ, ಬಿಸಿಲಿಗೆ ಆರಿದಷ್ಟನ್ನು ಮಾತ್ರ ಹನಿಹನಿಯಾಗಿ ಬಿಡುತ್ತಾನೆ. ಈ ಚಾರ್ಜರೂ ಹಾಗೆಯೇ. ವೋಲ್ಟು 14.4ರ ಹತ್ತಿರ ಬರುವ ತನಕ ಪೂರ್ತಿ ಕೊಡುತ್ತದೆ, ಆಮೇಲೆ ಅಲ್ಲೇ ಹಿಡಿದು ಆಂಪಿಯರು ಇಳಿಸುತ್ತಾ ಬರುತ್ತದೆ, ತುಂಬಿದ ಮೇಲೆ ಹದಿಮೂರೂವರೆಯ ಸುತ್ತಮುತ್ತ ಕಾಯ್ದುಕೊಳ್ಳುತ್ತದೆ. ಪೆಟ್ಟಿಗೆಯ ಮೇಲೆ ಈ ಮೂರು ಹಂತ ಬರೆದಿದೆಯೇ ನೋಡಿ. ತಂತಿ ಅದಲು ಬದಲಾದರೆ, ಎರಡು ಕ್ಲಿಪ್ಪು ತಾಗಿದರೆ ತಾನೇ ನಿಲ್ಲುವ ಏರ್ಪಾಟು ಇದೆಯೇ ಕೇಳಿ. ಇವೆರಡೂ ಇಲ್ಲದ್ದನ್ನು ಎಷ್ಟೇ ಅಗ್ಗವಾದರೂ ಅಲ್ಲೇ ಬಿಟ್ಟು ಬನ್ನಿ.

ಇದಕ್ಕೂ ಒಂದು ಕೊರತೆ ಉಂಟು. ತೀರ ಬಸಿದುಹೋದ ಬ್ಯಾಟರಿಯನ್ನು ಕೆಲವು ಜಾಣ ಚಾರ್ಜರುಗಳು ಗುರುತೇ ಹಿಡಿಯುವುದಿಲ್ಲ, ‘ಇಲ್ಲಿ ಬ್ಯಾಟರಿಯೇ ಇಲ್ಲ’ ಎಂದು ಸುಮ್ಮನಾಗುತ್ತವೆ. ಆಗ ಅದನ್ನು ಬ್ಯಾಟರಿ ಅಂಗಡಿಗೇ ಒಯ್ಯಬೇಕು. ಪೂರ್ತಿ ಚಾರ್ಜು ಮಾಡಿದ ಮೇಲೂ ಮೀಟರು ಹತ್ತೂವರೆ ವೋಲ್ಟಿನಲ್ಲೇ ನಿಂತರೆ ಆರರಲ್ಲಿ ಒಂದು ಕೋಣೆ ಸತ್ತಿದೆ ಎಂದರ್ಥ. ಅದಕ್ಕೆ ಯಾವ ಚಾರ್ಜರೂ ಮದ್ದಲ್ಲ.

ಬ್ಯಾಟರಿಯ ಜಾತಿಯ ಮಾತು. ಮುಚ್ಚಳ ತೆಗೆದು ನೀರು ಹಾಕುವುದು, ನೀರು ಬೇಡವೆಂದು ಮುಚ್ಚಿ ಬಂದದ್ದು, ಇವೆರಡಕ್ಕೂ ಸಾಧಾರಣ ಚಾರ್ಜರು ಸಾಕು. ಸಿಗ್ನಲ್ಲಿನಲ್ಲಿ ತಾನೇ ಆರಿ ತಾನೇ ಹತ್ತುವ ಹೊಸ ಕಾರುಗಳಲ್ಲಿ ‘ಎ.ಜಿ.ಎಂ.’ ಅಥವಾ ‘ಇ.ಎಫ್.ಬಿ.’ ಎಂದು ಬರೆದಿರಬಹುದು. ಆ ಹೆಸರು ಚಾರ್ಜರಿನ ಮೇಲೂ ಇರಬೇಕು. ಲಿಥಿಯಂ ಬ್ಯಾಟರಿಗೆ ಸೀಸದ ಬ್ಯಾಟರಿಯ ಚಾರ್ಜರು ಹಾಕಲೇಬೇಡಿ, ಬೆಂಕಿಯ ಜೊತೆ ಸರಸ ಅದು. ಹಾಗೆಯೇ ಮನೆಯ ಯು.ಪಿ.ಎಸ್.ನ ದೊಡ್ಡ ಬ್ಯಾಟರಿಯನ್ನು ಕಾರಿಗೆ, ಕಾರಿನದನ್ನು ಯು.ಪಿ.ಎಸ್.ಗೆ ಹಾಕುವ ಚಾಳಿ ಬೇಡ. ಒಂದು ನಿಧಾನವಾಗಿ ದುಡಿಯುವ ಎತ್ತು, ಇನ್ನೊಂದು ಒಂದೇ ಉಸಿರಿಗೆ ಓಡುವ ಕುದುರೆ.

ಹಳ್ಳಿಯ ಕರೆಂಟಿನ ಸಂಗತಿ ಬೇರೆ ಇದೆ. ಸಂಜೆ ವೋಲ್ಟೇಜು ಇಳಿಯುತ್ತದೆ, ನಡುರಾತ್ರಿ ಏರುತ್ತದೆ. ಆದ್ದರಿಂದ ಕಡಿಮೆ ವೋಲ್ಟೇಜಿನಿಂದ ಹೆಚ್ಚಿನದರವರೆಗೆ ತಡೆಯುವ ಚಾರ್ಜರು ಕೇಳಿ, ಎಷ್ಟರಿಂದ ಎಷ್ಟರವರೆಗೆ ಎಂಬುದು ಅದರ ಹಿಂದಿನ ಚೀಟಿಯಲ್ಲೇ ಇರುತ್ತದೆ. ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಅರ್ತಿನ ಕಡ್ಡಿ ಮುರಿದು ಎರಡು ರಂಧ್ರಕ್ಕೆ ತುರುಕುವ ಅಭ್ಯಾಸ ನಮ್ಮಲ್ಲಿ ಬಹಳ. ಆ ಮೂರನೆಯ ಕಡ್ಡಿ ನಿಮ್ಮ ಪ್ರಾಣದ ಕಾವಲು. ಪಂಪಿನ ಮನೆಯ ಮೂರು ಫೇಸಿನ ತಂತಿಯಿಂದ ಒಂದೆಳೆ ಎಳೆದು ಚಾರ್ಜರಿಗೆ ಕೊಡಬೇಡಿ. ಆ ಸಂಪರ್ಕ ನೀರೆತ್ತಲು ಕೊಟ್ಟದ್ದು, ಅಲ್ಲಿ ತಂತಿ ತಪ್ಪಿ ಎರಡು ಫೇಸಿನ ನಡುವೆ ಸಿಕ್ಕಿದರೆ ನಾನೂರು ವೋಲ್ಟು ಬಡಿಯುತ್ತದೆ.

ಚಾರ್ಜರು ಮನೆಗೆ ಬಂತು. ಈಗ ಜೋಡಿಸುವ ಕ್ರಮ. ಮನೆಯಲ್ಲಿ ಗಾಡಿ ನೋಡಿಕೊಳ್ಳುವವರು ಯಾರೋ, ಅವರನ್ನು ಹತ್ತಿರ ಕರೆದು ಕೇಳಿಸಿ. ಚಾರ್ಜಾಗುವ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ಸಿಡಿದರೆ ಆಮ್ಲ ಮುಖಕ್ಕೆ. ಆದ್ದರಿಂದ ಬಾಗಿಲು ತೆರೆದ, ನೆರಳಿರುವ, ಗಾಳಿಯಾಡುವ ಜಾಗ ಬೇಕು. ಬೀಡಿ ಬೇಡ. ಒಲೆಯ ಹತ್ತಿರ ಬೇಡ. ಹುಲ್ಲಿನ ಬಣವೆಯ ಪಕ್ಕ ಖಂಡಿತ ಬೇಡ. ಗೋಡೆಯ ಸ್ವಿಚ್ಚು ಆರಿಸಿಟ್ಟು ಮೊದಲು ಕೆಂಪು ಕ್ಲಿಪ್ಪನ್ನು ಕೂಡುವ ಗುರುತಿನ ಕೊನೆಗೆ ಹಾಕಿ. ಕಪ್ಪು ಕ್ಲಿಪ್ಪನ್ನು ಬ್ಯಾಟರಿಯಿಂದ ದೂರ, ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ ಹಾಕಿ. ಬ್ಯಾಟರಿಯನ್ನು ಕೆಳಗಿಳಿಸಿ ಇಟ್ಟಿದ್ದರೆ ಕಳೆಯುವ ಗುರುತಿನ ಕೊನೆಗೇ ಹಾಕಬಹುದು. ಆಮೇಲೆ ಸ್ವಿಚ್ಚು. ತೆಗೆಯುವಾಗ ಮೊದಲು ಸ್ವಿಚ್ಚು, ಆಮೇಲೆ ಕಪ್ಪು, ಕಡೆಗೆ ಕೆಂಪು. ಸ್ವಿಚ್ಚು ಹಾಕಿಯೇ ಕ್ಲಿಪ್ಪು ಕಿತ್ತರೆ ಕಿಡಿ ಹಾರುವುದು ಬ್ಯಾಟರಿಯ ತಲೆಯ ಮೇಲೇ.

ನೀರು ಹಾಕುವ ಬ್ಯಾಟರಿಯಾದರೆ ಭಟ್ಟಿ ಇಳಿಸಿದ ನೀರನ್ನೇ ಹಾಕಿ. ಪೆಟ್ರೋಲು ಬಂಕಿನಲ್ಲೂ ಸಿಗುತ್ತದೆ. ಸಾವಿರ ಅಡಿಯಿಂದ ಬಂದ ಬೋರಿನ ನೀರಿನಲ್ಲಿ ಲವಣವೇ ಹೆಚ್ಚು, ತಗಡು ಹಾಳು. ತಗಡು ಕಾಣುವಷ್ಟು ಇಳಿದಿದ್ದರೆ ಅದು ಮುಳುಗುವಷ್ಟು ಮಾತ್ರ ಮೊದಲು ಹಾಕಿ, ಚಾರ್ಜು ಮುಗಿದ ಮೇಲೆ ಗೆರೆಯವರೆಗೆ ತುಂಬಿ. ಮೊದಲೇ ತುಂಬಿದರೆ ಉಕ್ಕಿ ಹೊರಬರುತ್ತದೆ. ಆಮ್ಲ ಸೇರಿಸುವ ಗೋಜಿಗೆ ಹೋಗಬೇಡಿ, ಆರುವುದು ನೀರು, ಆಮ್ಲವಲ್ಲ. ಕಣ್ಣಿಗೆ ಆಮ್ಲ ಹಾರಿದರೆ ಇಪ್ಪತ್ತು ನಿಮಿಷ ಬಿಡದೆ ಶುದ್ಧ ನೀರು ಹೊಯ್ದು ಹೊಯ್ದು ತೊಳೆದು ಆಸ್ಪತ್ರೆಗೆ ಕರೆದೊಯ್ಯಿರಿ. ಹಾಲು, ಹರಳೆಣ್ಣೆ ಅಂತ ಹೊತ್ತು ಕಳೆಯಬೇಡಿ. ನೆಲದ ಮೇಲೆ ಚೆಲ್ಲಿದ್ದಕ್ಕೆ ಅಡಿಗೆ ಸೋಡ ಉದುರಿಸಿ, ನೊರೆ ನಿಂತ ಮೇಲೆ ತೊಳೆಯಿರಿ.

ಈಚೆಗೆ ವಿದ್ಯುತ್ತಿನಿಂದಲೇ ಓಡುವ ಕಾರುಗಳೂ ನಮ್ಮ ಹಳ್ಳಿಗೆ ಬಂದಿವೆ. ಇದನ್ನು ಹೊಸದೆಂದು ಬೆರಗಾಗಬೇಕಿಲ್ಲ. ಅತ್ತಿಬೆಲೆಯಿಂದ ಬೆಂಗಳೂರು ದಾರಿಯಲ್ಲಿ ಚಂದಾಪುರ ದಾಟಿದರೆ ಸಿಗುವ ಬೊಮ್ಮಸಂದ್ರದಲ್ಲೇ ರೇವಾ ಎಂಬ ಪುಟ್ಟ ಕಾರು ತಯಾರಾಗಿ 2001ರಲ್ಲಿ ಮಾರಾಟಕ್ಕೆ ಬಂತು. ಚೇತನ್ ಮೈನಿಯವರ ಸಾಹಸ ಅದು. 2010ರಲ್ಲಿ ಆ ಕಂಪನಿ ಮಹೀಂದ್ರದ ಕೈ ಸೇರಿತು. ಆ ಕಾರಿನಲ್ಲಿದ್ದದ್ದೂ ನಾವು ಇಷ್ಟು ಹೊತ್ತು ಮಾತಾಡಿದ ಸೀಸದ ಬ್ಯಾಟರಿಗಳೇ, ಆರು ವೋಲ್ಟಿನವು ಎಂಟು, ಒಟ್ಟು 48 ವೋಲ್ಟು. ಚಾರ್ಜರು ಕಾರಿನ ಹೊಟ್ಟೆಯೊಳಗೇ ಇತ್ತು, ಮನೆಯ ಹದಿನೈದು ಆಂಪಿಯರಿನ ಸಾಕೆಟ್ಟಿಗೆ ತಂತಿ ಹಾಕಿದರೆ ಎಂಟು ಗಂಟೆಯಲ್ಲಿ ತುಂಬುತ್ತಿತ್ತು.

ಈಗಿನ ವಿದ್ಯುತ್ ಕಾರುಗಳಲ್ಲಿ ಲಿಥಿಯಂ ಬ್ಯಾಟರಿ. ಮನೆಯ ಕರೆಂಟಿನಿಂದ ತುಂಬಿಸುವಾಗ ನಿಜವಾದ ಚಾರ್ಜರು ಈಗಲೂ ಕಾರಿನೊಳಗೇ ಇದೆ, ಗೋಡೆಗೆ ಹಾಕುವ ಪೆಟ್ಟಿಗೆ ಬಾಗಿಲು ಕಾಯುವವನಿದ್ದಂತೆ. ಅದನ್ನು ಕಾರಿನ ಜೊತೆ ಬಂದದ್ದನ್ನೇ ಬಳಸಿ. 3.3 ಕಿಲೋವಾಟಿನಂತೆ, 30 ಯೂನಿಟ್ಟು ಹಿಡಿಯುವ ಕಾರು ತುಂಬಲು ಹತ್ತು ಗಂಟೆ ಬೇಕು. ಅಂದರೆ ರಾತ್ರಿಯಿಡೀ ಒಂದು ದೊಡ್ಡ ಗೀಸರು ಉರಿಸಿದಷ್ಟು ಹೊರೆ. ಹಳೇ ಮನೆಯ ಸಣ್ಣ ತಂತಿ ಇದನ್ನು ತಡೆಯುವುದಿಲ್ಲ. ಮೀಟರಿನಿಂದಲೇ ಪ್ರತ್ಯೇಕ ದಪ್ಪ ತಂತಿ, ಅದಕ್ಕೇ ಒಂದು ಎಂ.ಸಿ.ಬಿ., ಸೋರಿಕೆ ಕಂಡರೆ ಕಡಿಯುವ ಸ್ವಿಚ್ಚು, ಒಳ್ಳೆಯ ಅರ್ತು ಹಾಕಿಸಿ. ನಿಮ್ಮ ಮನೆಗೆ ಮಂಜೂರಾದ ಹೊರೆ ಎಷ್ಟೆಂದು ಬೆಸ್ಕಾಂ ಬಿಲ್ಲಿನಲ್ಲಿ ನೋಡಿ, ಸಾಲದಿದ್ದರೆ ಮೊದಲೇ ಅರ್ಜಿ ಹಾಕಿ ಹೆಚ್ಚಿಸಿಕೊಳ್ಳಿ. ಒಂದು ತಮಾಷೆ ಗೊತ್ತೇ? ಇಷ್ಟು ದೊಡ್ಡ ಬ್ಯಾಟರಿಯ ಕಾರಿನಲ್ಲೂ ಸಾಮಾನ್ಯವಾಗಿ ಒಂದು ಮೂಲೆಯಲ್ಲಿ 12 ವೋಲ್ಟಿನ ಪುಟ್ಟ ಬ್ಯಾಟರಿ ಇರುತ್ತದೆ. ಅದು ಸತ್ತರೆ ಬಾಗಿಲೂ ತೆರೆಯದು, ಕಾರೂ ಏಳದು.

ಕಡೆಯದಾಗಿ ಹಳೇ ಬ್ಯಾಟರಿ. ಹೊಸದು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಹಿಂದಿರುಗಿಸಿ, ಬೆಲೆಯಲ್ಲಿ ಕಳೆದುಕೊಡುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ತಯಾರಕರು ಅವನ್ನು ಹಿಂದಕ್ಕೆ ಪಡೆದು ಶುದ್ಧಿ ಮಾಡಿಸಬೇಕು. ಬಾಗಿಲಿಗೆ ಬಂದ ಗುಜರಿಯವನು ನೂರಿನ್ನೂರು ಹೆಚ್ಚು ಕೊಡುತ್ತೇನೆಂದರೆ, ಅವನು ಅದನ್ನು ಎಲ್ಲಿ ಒಡೆದು ಎಲ್ಲಿ ಕರಗಿಸುತ್ತಾನೆ ಎಂದು ಯೋಚಿಸಿ. ಆ ಹೊಗೆ, ಆ ಬೂದಿಯ ಸೀಸ ಮಕ್ಕಳ ಮೈ ಸೇರಿದರೆ ಬುದ್ಧಿ ಬೆಳವಣಿಗೆ ಕುಂಠಿತವಾಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಆಮ್ಲವನ್ನು ಕಾಲುವೆಗೆ ಸುರಿಯಬೇಡಿ. ಅಂಗಡಿಗೆ ಒಯ್ಯುವ ತನಕ ಬ್ಯಾಟರಿಯನ್ನು ನೆಟ್ಟಗೆ ನಿಲ್ಲಿಸಿ, ಮಕ್ಕಳ ಕೈಗೆ ಎಟುಕದ ಕಡೆ ಹಲಗೆಯ ಮೇಲೆ ಇಡಿ.